ಅಣವೀರಪ್ಪನ ಹೆಣದ ಪಾರ್ಟು

ನನ್ನ ತಂಗಿ ಶಿವಕಾಂತಮ್ಮನ ಗಂಡ ಅಣವೀರಪ್ಪ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ವ್ಯಾಪಾರ ಮಾಡುತ್ತಾನೆ. ಇದು ಊರವರು ಹೇಳುವ ಮಾತು. ಅವನನ್ನೇ ಕೇಳಿದರೆ, ತಾನು ನಟ, ಇನ್ನೂ ಯಾರೂ ಕರೆದಿಲ್ಲ ಅಷ್ಟೇ ಎನ್ನುತ್ತಾನೆ. ಗಿರಾಕಿಗೆ ಹಣ್ಣು ಕೊಡುವಾಗಲೂ ಎಡಗೆನ್ನೆಯನ್ನೇ ಮುಂದೆ ಮಾಡುತ್ತಾನೆ. ಬಲಗೆನ್ನೆ ಕ್ಯಾಮೆರಾಕ್ಕೆ ಆಗಿಬರುವುದಿಲ್ಲವಂತೆ. ಬಾಳೆಹಣ್ಣಿನ ಅಂಗಡಿಯಲ್ಲಿ ಕ್ಯಾಮೆರಾ ಎಲ್ಲಿದೆ ಎಂದು ಮಾತ್ರ ನಾವ್ಯಾರೂ ಕೇಳುವಂತಿಲ್ಲ.

ಇವನಿಗೆ ತಕ್ಕ ಗೆಳೆಯ ನೀಲಕಂಠ. ಸಾಲಿಗೆ ಹೋಗುವಾಗಿನಿಂದ ಜೋಡಿ. ಈಗ ಕಲಬುರಗಿಯ ಸ್ಟೇಶನ್ ಬಜಾರದ ಒಂದು ಲಾಡ್ಜಿನಲ್ಲಿ ಮ್ಯಾನೇಜರು. ರೂಮಿನ ಚಾವಿ ಕೊಡುವಾಗ ಕೂಡ ಗಂಟಲು ದಪ್ಪ ಮಾಡಿಕೊಂಡು, "ಇದು ಬರೀ ಚಾವಿ ಅಲ್ಲರೀ, ನಿಮ್ಮ ನಿದ್ದಿ!" ಎನ್ನುತ್ತಾನೆ. ಒಮ್ಮೆಯಾದರೂ ಪರದೆಯ ಮೇಲೆ ಬರಬೇಕು, ಬಂದರೆ ಇಬ್ಬರೂ ಕೂಡಿಯೇ ಬರಬೇಕು ಎಂಬ ಒಂದೇ ಆಸೆಯಲ್ಲಿ ಇಬ್ಬರ ಕೂದಲೂ ಬೆಳ್ಳಗಾದವು.

ಹೋದ ವರ್ಷ ಬೆಂಗಳೂರಿನ ತಂಡವೊಂದು ಆ ಲಾಡ್ಜಿಗೇ ಬಂದು ಇಳಿಯಿತು. ಟಿವಿಗೆ ಹಾಸ್ಯ ಧಾರಾವಾಹಿ. ಸಿನಿಮಾ ಹೀರೋ ಆಗುತ್ತೇವೆಂದು ಊರು ಬಿಟ್ಟ ಇಬ್ಬರು ಗೆಳೆಯರ ಕಥೆ. ಅವರಲ್ಲಿ ಒಬ್ಬನ ಅಪ್ಪ ಸತ್ತ ಸೀನು ಕಮಲಾಪುರದಲ್ಲಿ ವಾಡೆ ಎನ್ನುವ ಹಳೇ ದೊಡ್ಡ ಮನೆಯ ಮುಂದೆ ಆಗಬೇಕಿತ್ತು. ನೀಲಕಂಠ ಬೆಳಗಿನ ಚಹಾ ಕೊಡುವಾಗ ಡೈರೆಕ್ಟರಿಗೆ ತನ್ನ ಮತ್ತು ಅಣವೀರಪ್ಪನ ಗುಣಗಾನವನ್ನೂ ಮಾಡಿದ. ಡೈರೆಕ್ಟರ್ ಅಣವೀರಪ್ಪನನ್ನೂ ಕರೆಸಿ, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಪಾರ್ಟು ಹಂಚಿದ. ನೀಲಕಂಠನಿಗೆ ಅಳಲು ಬಂದವನ ಪಾರ್ಟು, ಒಂದೇ ಒಂದು ಮಾತು: "ಸತ್ತರೂ ಮಾರಿ ಮ್ಯಾಲ ಏನ್ ಕಳಿ ಅದ ನೋಡ್ರಿ!" ಅಣವೀರಪ್ಪನಿಗೆ ಹೆಣದ ಪಾರ್ಟು.

"ಮಾತು ನಿನಗ, ಹೆಣ ನನಗ?" ಎಂದು ಅಣವೀರಪ್ಪ ಊಟ ಬಿಟ್ಟ. ಆಮೇಲೆ ಕೂತು ವಿಚಾರ ಮಾಡಿದ. ಅಳುವವನು ಬಂದು ಹೋಗುತ್ತಾನೆ, ಹೆಣ ಸೀನು ಮುಗಿಯುವವರೆಗೂ ಇರುತ್ತದೆ! ಇದು ತಿಳಿದ ಕೂಡಲೇ ಹೊಟ್ಟೆ ಉರಿಯುವ ಸರದಿ ನೀಲಕಂಠನದಾಯಿತು. ಇಬ್ಬರೂ ಮಾತು ಬಿಟ್ಟರು. ನೀಲಕಂಠ ಲಾಡ್ಜಿಗೆ ಬಂದವರ ಮುಖ ನೋಡಿ ಅದೇ ಮಾತು ಹೇಳಿ ಅಭ್ಯಾಸ ಮಾಡತೊಡಗಿದ. ಕೆಲವರು ರೂಮು ಖಾಲಿ ಮಾಡಿದರು.

"ಗಂಡನ ಹೆಣ ನಾ ನೋಡಂಗಿಲ್ಲಣ್ಣಾ, ಸುಳ್ಳಿದ್ರೂ ನೋಡಂಗಿಲ್ಲ" ಎಂದು ಶೂಟಿಂಗಿನ ದಿನ ಶಿವಕಾಂತಮ್ಮ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಗೆ ಬಂದು ಕುಳಿತಳು. ತನ್ನ ಬದಲು ನನ್ನನ್ನು ಅಟ್ಟಿದಳು. ನಾನು ಕಮಲಾಪುರ ಮುಟ್ಟಿದ್ದೇ ತಡ, ಕೈಗೊಂದು ಥರ್ಮಾಕೋಲ್ ಹಾಳೆ ಕೊಟ್ಟು ಬಿಸಿಲಿಗೆ ನಿಲ್ಲಿಸಿದರು. ಹೆಣದ ಮುಖಕ್ಕೆ ಬೆಳಕು ಬೀಳಬೇಕಂತೆ. ರಿಟೈರಾದ ಹೆಡ್ ಮಾಸ್ತರಿಗೆ ಅವರು ಮಾಡಿದ ಮರ್ಯಾದೆ ಇದು.

"ಸಾರ್, ಚಾಪೆ ಮೇಲೆ ಮಲಗಿ" ಎಂದ ಡೈರೆಕ್ಟರ್.

"ಮಲಗೂದಾ?" ಅಣವೀರಪ್ಪ ಸಿಟ್ಟಿಗೆದ್ದ. "ನಾವು ಲಿಂಗಾಯತರದೀವ್ರೀ. ನಮ್ಮಾಗ ಹೆಣ ಮಲಗಂಗಿಲ್ಲ, ಕೂಡ್ತದ."

ಮಾತೇನೋ ಖರೆ. ನಮ್ಮಲ್ಲಿ ಸತ್ತವರನ್ನು ಕೂಡಿಸಿಯೇ ಪೂಜೆ, ಕೂಡಿಸಿಯೇ ಮಣ್ಣು. ಇದನ್ನು ಕೇಳಿ ಡೈರೆಕ್ಟರ್ ಕುಣಿದಾಡಿಬಿಟ್ಟ. ವಾಡೆಯ ಕಟ್ಟೆಯ ಮೇಲೆ ಅಣವೀರಪ್ಪನನ್ನು ರಸ್ತೆಗೆ ಮುಖ ಮಾಡಿ ಕೂಡಿಸಿದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ, ತಲೆ ವಾಲದಂತೆ ಹಿಂದಿನ ಗೂಟಕ್ಕೆ ಕಟ್ಟಿದ ಬಿಳಿ ಬಟ್ಟೆ. ಎಡಗೆನ್ನೆ ಕಾಣುವಂತೆ ಕಟ್ಟಿರೆಂದು ಹೆಣವೇ ಹೇಳಿತು. ಕ್ಯಾಮೆರಾ ಇದ್ದದ್ದು ಎದುರು ಮನೆಯ ಮಾಳಿಗೆಯ ಮೇಲೆ. ಹಾದು ಹೋಗುವವರಿಗೆ ಕಾಣುತ್ತಿದ್ದುದು ಹೆಣ ಮಾತ್ರ.

ಮಹಾಗಾಂವದ ಕಡೆ ಹೋಗುವ ಬಸ್ಸು ಅದೇ ರಸ್ತೆಯಿಂದ ಹಾದುಹೋಯಿತು. ಕಿಟಕಿಯ ಬಳಿ ಕುಳಿತ ಪರಿಚಯದವರು ನೋಡಿದರು, ಮಹಾಗಾಂವಕ್ಕೆ ಫೋನು ಹಚ್ಚಿದರು.

ಡೈರೆಕ್ಟರ್ "ಆಕ್ಷನ್" ಎನ್ನುವುದಕ್ಕೂ ಮಹಾಗಾಂವದಿಂದ ಒಂದು ಟೆಂಪೋ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಇಳಿದವಳು ಅಣವೀರಪ್ಪನ ಅಕ್ಕ ನೀಲಗಂಗಮ್ಮ, ಹಿಂದೆ ಅರ್ಧ ಓಣಿ. ಆಕೆಗೆ ಎದೆಯ ಆಪರೇಶನ್ ಆಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಗಾಬರಿ ಆಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಅಯ್ಯ ನನ್ನ ತಮ್ಮಾ!" ಆಕೆ ಹೆಣದ ಮೊಣಕಾಲಿಗೆ ಹಣೆ ಬಡಿದುಕೊಂಡಳು. "ಸಿನಿಮಾ ಸಿನಿಮಾ ಅಂತಿದ್ದೆಲ್ಲೋ! ಒಂದು ಸೀನಾಗೂ ಕಾಣಿಸ್ಕೊಳ್ಳದ ಹ್ವಾದೆಲ್ಲೋ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅಸಿಸ್ಟಂಟ್ ಒಬ್ಬ ಹಿಂದಿನಿಂದ ಬಂದು ನನ್ನ ಬಾಯಿ ಒತ್ತಿ ಹಿಡಿದ. ಮಾಳಿಗೆಯ ಮೇಲಿಂದ ಡೈರೆಕ್ಟರ್ ಎರಡೂ ಕೈ ಬೀಸಿ, ನಡೀಲಿ ನಡೀಲಿ ಎನ್ನುತ್ತಿದ್ದ. ನೀಲಗಂಗಮ್ಮನಿಗೆ ಏದುಸಿರು ಬಂತು. ಒಂದು ಕೈ ಎದೆಗೆ ಹೋಯಿತು. ಆದರೆ ಹೆಣದ ಒಂದು ರೆಪ್ಪೆ ಅಲುಗಬೇಕಲ್ಲ! ಅಲುಗಿದರೆ ಜನ್ಮಕ್ಕೆ ಸಿಕ್ಕ ಒಂದು ಪಾರ್ಟು ಕೆಡುತ್ತದೆ. ಆ ಹೊತ್ತಿನಲ್ಲಿ ಅವನು ನಿಜವಾಗಿಯೂ ಸತ್ತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅಷ್ಟರಲ್ಲಿ ನೀಲಕಂಠನ ಸರದಿ ಬಂತು. ಕ್ಯಾಮೆರಾ ಅವನ ಕಡೆ ಹೊರಳಿತು. ಅವನು ಹೆಣದ ಮುಂದೆ ಬಂದು ನಿಂತ. ನೀಲಗಂಗಮ್ಮನನ್ನು ನೋಡಿದ, ಮತ್ತೆ ಹೆಣವನ್ನು ನೋಡಿದ.

"ಅಕ್ಕಾ, ಅಳಬ್ಯಾಡ್ರಿ!" ಎಂದು ಕೂಗಿದ. "ಇಂವ ಸತ್ತಿಲ್ಲ, ಆಕ್ಟಿಂಗ್ ಮಾಡಾಕತ್ತಾನ. ನಾನೂ ಆಕ್ಟಿಂಗ್ ಮಾಡಾಕೇ ಬಂದೀನಿ!"

ನೀಲಗಂಗಮ್ಮ ಕಣ್ಣೊರೆಸಿಕೊಂಡು, ತಮ್ಮನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು. ಆಮೇಲೆ ಕಪಾಳಕ್ಕೆ ಬಾರಿಸಿದಳು. ಹೆಣ ಆಗಲೂ ಕಣ್ಣು ಬಿಡಲಿಲ್ಲ, ಯಾಕೆಂದರೆ ಯಾರೂ ಇನ್ನೂ "ಕಟ್" ಎಂದಿರಲಿಲ್ಲ. ವಾಡೆಯ ಯಜಮಾನ ಗುಂಡಣ್ಣ ಓಡಿ ಬಂದು, "ಜೀವಂತ ಇದ್ದಾವಗ ಹಾರ ಹಾಕಿ ಕೂಡಸ್ತೀರೇನ್ರೀ? ಕಟ್ರಿ ನಿಮ್ಮ ಗಂಟು ಮೂಟಿ!" ಎಂದು ಎಲ್ಲರನ್ನೂ ಓಡಿಸಿದ. ಮತ್ತೊಮ್ಮೆ ಆ ಸೀನು ತೆಗೆಯುವ ಮಾತೇ ಉಳಿಯಲಿಲ್ಲ.

ಧಾರಾವಾಹಿ ಬಂದ ದಿನ ಎಲ್ಲರೂ ಲಾಡ್ಜಿನ ಟಿವಿಯ ಮುಂದೆ ಸೇರಿದೆವು. ಹೆಣ ಪೂರಾ ಬಂತು. ನೀಲಗಂಗಮ್ಮನ ಅಳುವೂ ಪೂರಾ ಬಂತು, ಹಿಂದೆ ನಗುವ ಮ್ಯೂಸಿಕ್ ಬೇರೆ. ನೀಲಕಂಠನ ಕಾಲು ಕಂಡಿತು, ಮೊಣಕೈ ಕಂಡಿತು. ಅವನ ಮುಖ ಇನ್ನೇನು ಕಾಣಬೇಕು, ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂತು. ಅದು ಮುಗಿದ ಮೇಲೆ ಬೇರೆಯೇ ಸೀನು. ನನಗೆ ನೀಲಕಂಠನ ಕಡೆ ನೋಡುವ ಧೈರ್ಯವಾಗಲಿಲ್ಲ.

"ನೀ ಯಾಕಲೇ ಬಾಯಿ ಬಿಟ್ಟಿ?" ಎಂದ ಅಣವೀರಪ್ಪ. ಮಾತು ಬಿಟ್ಟ ಮೇಲೆ ಅವನು ಗೆಳೆಯನೊಂದಿಗೆ ಆಡಿದ ಮೊದಲ ಮಾತು ಅದು. "ನಾ ಏನ್ ಕಣ್ಣ ತೆರೀತಿದ್ದಿಲ್ಲ. ಸೀನೂ ಕೆಡ್ತಿದ್ದಿಲ್ಲ, ನಿನ್ನ ಮಾತೂ ಉಳೀತಿತ್ತು."

"ನೀ ತೆರ್ಯಂಗಿಲ್ಲಂತ ನನಗ ಗೊತ್ತಾತು," ಎಂದ ನೀಲಕಂಠ. "ಅದಕ್ಕ ಬಾಯಿ ಬಿಟ್ಟೆ."

ಅಣವೀರಪ್ಪ ಎದ್ದು ಹೊರಗೆ ಹೋದ. ಬಾಗಿಲಾಚೆ ನಿಂತು ಮಹಾಗಾಂವಕ್ಕೆ ಫೋನು ಹಚ್ಚಿದ್ದು ನಮಗೆಲ್ಲ ಕೇಳಿಸಿತು.

"ಅಕ್ಕಾ," ಎಂದ. "ಎದಿ ಹ್ಯಾಂಗದ ಈಗ?"