ಹಸಿ ಬೇವಿನ ಗಂಟು

ನಾವಿದ್ದ ಬಾಲಾನಗರದಲ್ಲಿ ರಸ್ತೆ ಅಗಲ ಮಾಡಲು ಹಳೆಯ ಬೇವಿನ ಮರವೊಂದನ್ನು ಕಡಿದಾಗ, ಅದರ ಬುಡದಲ್ಲಿ ಉಬ್ಬಿಕೊಂಡಿದ್ದ ಗಂಟನ್ನು ಅಪ್ಪ ಕೇಳಿ ತಂದರು. ಎಮ್ಮೆಯ ತಲೆಗಿಂತ ದಪ್ಪ. ಅಪ್ಪ ಬೀದರ್ ಕಡೆಯಿಂದ ಬಂದ ಬಡಗಿ. ಎರಕದ ಕಾರ್ಖಾನೆಗೆ ಮರದ ಅಚ್ಚು ಮಾಡುತ್ತಿದ್ದರು. ಗಂಟನ್ನು ಎರಡು ಹೋಳು ಮಾಡಿಸಿದಾಗ ಒಳಗೆ ಸಣ್ಣ ಸಣ್ಣ ಕಣ್ಣುಗಳು, ಅವುಗಳ ಸುತ್ತ ಸುಳಿಸುಳಿಯಾದ ಎಳೆಗಳು. ಚೆಂದವಿತ್ತು. ಆದರೂ ತುಸು ಹೊತ್ತು ನೋಡಿದರೆ ಮೈ ಜುಮ್ಮೆನ್ನುತ್ತಿತ್ತು.

"ನೆಟ್ಟಗ ಬೆಳೆದ ಮರ ಎತ್ತ ಸೀಳತೈತಿ ಅಂತ ಹೇಳಬೌದು. ಇದು ಎಲ್ಲಾ ಕಡಿ ತಿರುಚಿಕೊಂಡೈತಿ. ಅವಸರ ಮಾಡಿದ್ರ ಎಲ್ಲಿ ಬಾಯಿ ಬಿಡತೈತೋ ಗೊತ್ತಾಗಂಗಿಲ್ಲ" ಎಂದರು ಅಪ್ಪ.

ಕೊಯ್ದ ಮುಖಗಳಿಗೆ ಕರಗಿಸಿದ ಮೇಣ ಬಳಿದು, ಗೋಣಿಚೀಲ ಸುತ್ತಿ, ಗಾಳಿ ನೇರವಾಗಿ ತಾಗದ ಮೂಲೆಯಲ್ಲಿಟ್ಟರು. ತಿಂಗಳಿಗೊಮ್ಮೆ ತೂಗಿ, ಗೋಡೆಯ ಮೇಲೆ ತೂಕ ಬರೆಯುವುದು ನನ್ನ ಕೆಲಸ. ತೂಕ ಇಳಿಯುವುದು ನಿಂತರೆ ಮಾತ್ರ ಮರ ಒಣಗಿದ ಹಾಗೆ.

ಆಗ ಊರಿನ ಪಶ್ಚಿಮಕ್ಕೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದವು. ಅಂಥ ಕಚೇರಿಗಳ ಒಳಾಂಗಣ ಅಲಂಕಾರದ ಕೆಲಸ ಮಾಡಿಸುತ್ತಿದ್ದ ಬೆಂಗಳೂರಿನ ಕಂಟ್ರಾಕ್ಟರ್ ಒಬ್ಬ, ಗಂಟಿನಿಂದ ದೊಡ್ಡ ಬೋಗುಣಿ ಮಾಡಿಕೊಡಿ ಎಂದು ಬಂದ. ಇನ್ನೂ ಒಂದು ವರ್ಷ ಬೇಕೆಂದು ಅಪ್ಪ ಅವನನ್ನು ಕಳಿಸಿದರು. ವಾರ ಕಳೆದು, ಅಪ್ಪ ಕಾರ್ಖಾನೆಯಲ್ಲಿದ್ದಾಗ, ಮತ್ತೆ ಬಂದ.

"ಅಪ್ಪ ಒಪ್ಕೊಂಡಿದ್ದಾರೆ ಕಣಮ್ಮ. ಒಂದು ಹೋಳು ಇಸ್ಕೊಂಡು ಹೋಗಿ ಅಂದ್ರು."

ತೂಕ ಇನ್ನೂ ಇಳಿಯುತ್ತಿದೆಯೆಂದು ನನಗೆ ಗೊತ್ತಿತ್ತು. ಆದರೂ ದೊಡ್ಡವರನ್ನು ಸುಳ್ಳುಗಾರರು ಎನ್ನುವುದು ಹೇಗೆಂದು ತಿಳಿಯದೆ, ನಾನೇ ಒಂದು ಕಡೆ ಹಿಡಿದು ಆಟೋಗೆ ಏರಿಸಿದೆ.

ತಾವು ಒಪ್ಪಿಯೇ ಇರಲಿಲ್ಲವೆಂದು ಸಂಜೆ ಅಪ್ಪ ಹೇಳಿದರು, ಆದರೆ ಬೈಯಲಿಲ್ಲ. ಅದೇ ನನ್ನನ್ನು ಹೆದರಿಸಿತು. ಹೋಳು ಎಲ್ಲಿದೆಯೆಂದು ತಿಳಿಯಲು ಮೂರು ದಿನ ಹಿಡಿಯಿತು. ಕಂಟ್ರಾಕ್ಟರ್ ಅದನ್ನು ಬೇಗ ಒಣಗಲೆಂದು, ಕಬ್ಬಿಣಕ್ಕೆ ಹಚ್ಚಿದ ಬಣ್ಣವನ್ನು ಕಾಯಿಸಿ ಗಟ್ಟಿ ಮಾಡುವ ಭಟ್ಟಿಯಲ್ಲಿ ಎರಡು ದಿನ ಇಡಿಸಿ, ಲೇತ್ ಯಂತ್ರದಲ್ಲಿ ಮರ ತಿರುಗಿಸಿ ಕಡೆಯುವ, ನಾನು ಕಾಕಾ ಎನ್ನುತ್ತಿದ್ದ ಅಪ್ಪನ ಗೆಳೆಯರಿಗೇ ಕೊಟ್ಟಿದ್ದ.

ನಾವು ಹೋದಾಗ ಕಾಕಾ ಅದನ್ನು ಲೇತಿಗೆ ಬಿಗಿಯುತ್ತಿದ್ದರು. ಅಪ್ಪ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರು. ಒಂದು ಕಡೆ ಒಡಕು ಗಡಿಗೆಯ ಸದ್ದು ಬಂತು.

"ಮ್ಯಾಲ ಒಣಗೈತಿ, ಒಳಗ ಹಸಿ ಐತಿ. ಒಳಗ ಬಿರಿದೈತಿ. ತಿರುಗಿಸಬ್ಯಾಡ."

ಕಾಕಾ ನಕ್ಕರು. "ಹೊರಗ ಒಂದು ಗೆರಿನೂ ಇಲ್ಲಲ್ಲೋ. ನಾಳೆ ಕೊಡಬೇಕು ಇದನ್ನ."

ಅಪ್ಪ ಸ್ವಿಚ್ಚಿಗೆ ಕೈ ಅಡ್ಡ ಹಿಡಿದರು. ಕಾಕಾ ಆ ಕೈ ಸರಿಸಿದರು. ಅಪ್ಪ ನನ್ನನ್ನು ಎಳೆದು ಕಂಬದ ಹಿಂದೆ ನಿಲ್ಲಿಸಿದರು.

ಲೇತು ತಿರುಗತೊಡಗಿತು. ಮೊದಲು ಒಣ ಹೊಟ್ಟು ಹಾರಿತು. ಆಮೇಲೆ ಸುರುಳಿಯಾಗಿ ಬಂದದ್ದು ಒದ್ದೆಯಾಗಿತ್ತು. ಕಹಿ ವಾಸನೆ ಶೆಡ್ಡನ್ನೆಲ್ಲ ತುಂಬಿತು. ಅಪ್ಪ "ನಿಲ್ಲಿಸೋ!" ಎಂದು ಕೂಗಿದರು. ಟಕ್ ಎಂದಿತು. ಮತ್ತೊಂದು ಟಕ್. ಮುಂದಿನದು ಸಿಡಿತ. ತಗಡಿನ ಚಾವಣಿಗೆ ಏನೋ ಬಡಿಯಿತು. ನಾನು ಇಣುಕಿದಾಗ ಕಾಕಾ ನೆಲದಲ್ಲಿ ಕೂತಿದ್ದರು, ಎಡಗಣ್ಣಿನ ಮೇಲೆ ಅಂಗೈ ಒತ್ತಿಕೊಂಡು. ಬೆರಳುಗಳ ನಡುವಿನಿಂದ ರಕ್ತ ಇಳಿಯುತ್ತಿತ್ತು.

ಆ ಕಣ್ಣು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ನಿಂತು, "ಹೋಳು ನಾನ ಕೊಟ್ಟೆ, ಕಾಕಾ" ಎಂದೆ.



"ನಿಮ್ಮಪ್ಪ ಬ್ಯಾಡ ಅಂದಿದ್ದು ನನಗ ಕೇಳಿಸಿತ್ತವ್ವಾ" ಎಂದು ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು.