ಬ್ರೇಕ್ ಒತ್ತಿ ಕೂರುವ ಕೆಲಸ

ಇವತ್ತು ವಿನೋಬನಗರದ ಗ್ಯಾರೇಜಿನಲ್ಲಿ ಹಳೇ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಹರಿಹರದ ಮನೆ ಮುಂದೆ ಅಪ್ಪ ತನ್ನ ಟ್ಯಾಕ್ಸಿಗೆ ಜಾಕ್ ಕೊಟ್ಟು, ಮುಂದಿನ ಚಕ್ರ ಹಿಡಿದು ಅಲ್ಲಾಡಿಸುತ್ತಿದ್ದ. ಬ್ರೇಕ್ ಒತ್ತಿ ಕೂರುವುದು ಅವ್ವನ ಕೆಲಸ. ಒತ್ತಿದಾಗಲೂ ಚಕ್ರ ಆಡಿದರೆ ಅದನ್ನು ಹಿಡಿದಿಡುವ ಬಾಲ್‌ಜಾಯಿಂಟ್ ಸವೆದಿದೆ ಎಂದರ್ಥ. ಒಲೆ ಮೇಲೆ ಸಾರು ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದಳು.

ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಕರೆದ. "ಬಾರವ್ವ, ನೀನು ಒತ್ತು."

ಸೀಟಿನ ಅಂಚಿಗೆ ಜಾರಿದ ಮೇಲಷ್ಟೇ ಕಾಲು ಬ್ರೇಕಿಗೆ ಎಟುಕಿತು. ಚಕ್ರ ಕಟಕ್ ಎಂದಿತು.

"ಸವದೈತೆ," ಎಂದವನು ಚಕ್ರ ಹಿಡಿದುಕೊಂಡೇ ಕೂತುಬಿಟ್ಟ. ಬಿಡು ಎನ್ನಲಿಲ್ಲ. ನಾನು ಒತ್ತಿಕೊಂಡೇ ಇದ್ದೆ. ಇಬ್ಬರೂ ಅಳಲಿಲ್ಲ.

ಇವತ್ತು ಮೆಕ್ಯಾನಿಕ್ ನನ್ನ ಕಾರಿಗೆ ಹೊಸ ಜಾಯಿಂಟ್ ಹಾಕಿ, ನನ್ನನ್ನೇ ಸೀಟಿನಲ್ಲಿ ಕೂರಿಸಿ ಚಕ್ರ ಅಲ್ಲಾಡಿಸಿದ. ಸದ್ದೇ ಇಲ್ಲ.

"ಆತ್ರಿ ಅಕ್ಕಾರೆ, ಬ್ರೇಕ್ ಬಿಡ್ರಿ."

ಅವನು ಮತ್ತೊಮ್ಮೆ ಹೇಳಬೇಕಾಯಿತು.