ಏನಂತೆ, ಹೇಳು

ಮೊನ್ನೆ ಮೊಮ್ಮಗಳು ಹೊಸ ಕೈಮಗ್ಗದ ಸೀರೆ ಬಿಚ್ಚಿದಾಗ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಸೀರೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ... ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯ ಜಗಲಿಗೂ ಇದೇ ವಾಸನೆಯಿತ್ತು. ಆ ಮನೆಯಾಕೆ ನಮಗೆ ನೆಂಟರೇನಲ್ಲ, ಬೀದಿಗೆಲ್ಲ ದೊಡ್ಡಮ್ಮ.

ಯುದ್ಧದ ಕಾಲ. ಬೆಂಗಳೂರಿನ ಕಾಲೇಜಿನಲ್ಲಿ ಇಂಗ್ಲಿಷಿಗೆ ಫೇಲಾಗಿ ಊರಿಗೆ ಬಂದಿದ್ದೆ. ಕೊಟ್ಟ ಭಾಗ ಓದಿ ಪ್ರಶ್ನೆಗಳಿಗೆ ಸ್ವಂತ ಮಾತಿನಲ್ಲಿ ಉತ್ತರಿಸಬೇಕಿತ್ತು; ನಾನು ಮಹಾರಾಯ, ಅದರ ಸಾಲುಗಳನ್ನೇ ಎತ್ತಿ ಬರೆದಿದ್ದೆ. ಇನ್ನೊಂದು ಸಲ ಡುಮ್ಕಿ ಹೊಡೆದರೆ ಮಗ್ಗವೇ ಗತಿ ಎಂದು ಅಪ್ಪ ಹೇಳಿಯಾಗಿತ್ತು.

ದಿನವೂ ಆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. ದೊಡ್ಡಮ್ಮ ರಾಟೆಯಲ್ಲಿ ನೂಲು ಸುತ್ತುತ್ತಾ ಕೇಳುತ್ತಿದ್ದಳು. ಆಕೆಗೆ ಒಂದಕ್ಷರವೂ ಬಾರದು. ಒಬ್ಬನೇ ಮಗ ಸೈನ್ಯ ಸೇರಿ ಬರ್ಮಾ ಕಡೆ ಹೋಗಿದ್ದ. ಒಂದು ದಿನ ರಾಟೆ ನಿಲ್ಲಿಸಿದಳು.

"ಏನಂತೆ, ಹೇಳು."

"ಇಂಗ್ಲಿಷು ದೊಡ್ಡಮ್ಮ, ನಿಂಗೆ ತಿಳಿಯಲ್ಲ."

"ನನ್ ಮಾತಿರ್ಲಿ, ನಿಂಗೇ ತಿಳ್ದಿಲ್ಲ ಕಣಪ್ಪ. ಗಿಣಿಪಾಠ ಒಪ್ಪಿಸ್ತಿದ್ದೀಯ. ತಿಳ್ದಿದ್ರೆ ಅಲ್ಲಲ್ಲಿ ನಿಲ್ತಿದ್ದೆ."

ಮೈಯೆಲ್ಲ ಉರಿದುಹೋಯಿತು. ಆದರೆ ಹೇಳಲು ಹೋದರೆ ಒಂದು ಮಾತೂ ಬರಲಿಲ್ಲ. ಅಂದಿನಿಂದ ಅದೇ ಪದ್ಧತಿಯಾಯಿತು: ಒಂದು ಪುಟ ಓದುವುದು, ಪುಸ್ತಕ ಮುಚ್ಚುವುದು, ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳುವುದು. "ಅವ್ನ್ಯಾಕೆ ಹಂಗ್ಮಾಡ್ದ?" ಎಂದು ಆಕೆ ಬಿಡದೆ ಕೆದಕುತ್ತಿದ್ದಳು. ಉತ್ತರ ಹುಡುಕಲು ನಾನು ಮತ್ತೆ ಪುಟ ತಿರುವುತ್ತಿದ್ದೆ. ನಿಧಾನವಾಗಿ ನನ್ನ ಓದು ಅಲ್ಲಲ್ಲಿ ನಿಲ್ಲತೊಡಗಿತು.

ಮರುಪರೀಕ್ಷೆಗೆ ಒಂದು ವಾರವಿದ್ದಾಗ ಸೈನ್ಯದ ಕಚೇರಿಯಿಂದ ಆಕೆಗೆ ಇಂಗ್ಲಿಷಿನಲ್ಲಿ ಟೈಪಾದ ಕಾಗದ ಬಂತು. ನನ್ನ ಹತ್ತಿರವೇ ತಂದಳು. ನಾಲ್ಕೇ ಸಾಲು. ಗಟ್ಟಿಯಾಗಿ ಓದತೊಡಗಿ ಎರಡನೆಯ ಸಾಲಿಗೆ ನಿಂತುಬಿಟ್ಟೆ. ಇಂಗ್ಲಿಷು ಅಷ್ಟು ಸಲೀಸಾಗಿ ನನಗೆಂದೂ ಅರ್ಥವಾಗಿರಲಿಲ್ಲ. ಅವಳ ಮಗ ತೀರಿಕೊಂಡಿದ್ದ.

"ಏನಂತೆ, ಹೇಳು."

"ಗೊತ್ತಾಗ್ತಿಲ್ಲ ದೊಡ್ಡಮ್ಮ... ಕಷ್ಟದ ಇಂಗ್ಲಿಷು."

ಆಕೆ ನನ್ನ ಮುಖವನ್ನೇ ನೋಡಿದಳು. "ನಿಂತ್ಯಲ್ಲಪ್ಪ" ಎಂದಳು. ಕಾಗದ ಮಡಿಸಿಕೊಂಡು ಒಳಗೆ ಹೋದಳು.

ನಾನು ಪಾಸಾದೆ. ಮುಂದೆ ಇಂಗ್ಲಿಷ್ ಮೇಷ್ಟ್ರೂ ಆದೆ. "ಪುಸ್ತಕ ಮುಚ್ಚಿ, ಏನಂತೆ ಹೇಳಿ" ಎಂದು ಕಾಲೇಜಿನ ಹುಡುಗರ ಜೀವ ತಿಂದೆ. ದೊಡ್ಡಮ್ಮ ಮಾತ್ರ ನನ್ನನ್ನು ಮತ್ತೆಂದೂ ಹಾಗೆ ಕೇಳಲಿಲ್ಲ. ನಾನೂ ಹೋಗಿ ಹೇಳಲಿಲ್ಲ, ಧೈರ್ಯವಾಗಲಿಲ್ಲ... ಆಕೆ ಹೋಗಿ ಎಷ್ಟೋ ವರ್ಷವಾಯಿತು. ಅದಿನ್ನೂ ನನ್ನನ್ನು ಕೊರೆಯುತ್ತದೆ.

"ಯಾಕೆ ತಾತ, ಏನಾಯ್ತು?" ಎಂದಳು ಮೊಮ್ಮಗಳು.

ಏನಿಲ್ಲ ಎನ್ನಲು ಹೊರಟವನು ತಡೆದುಕೊಂಡೆ. ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ.